ಭಾರತದ ನಕ್ಷೆಯಲ್ಲಿ ಶ್ರೀಲಂಕಾ ಕಾಣುವುದು ‘ಸಮುದ್ರ ಕಾನೂನಿನ’ ಕಾರಣಕ್ಕಾ? 200 ನಾಟಿಕಲ್ ಮೈಲಿಯ ಅಸಲಿ ಕತೆ

ಈ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಭಾರತದ ನಕ್ಷೆ ನೋಡಿದಾಗಲೆಲ್ಲ ಕೆಳಗೆ ಶ್ರೀಲಂಕಾ ಕಾಣುತ್ತದೆ, ಆದರೆ ಪಾಕಿಸ್ತಾನ, ಚೀನಾ ಕಾಣುವುದಿಲ್ಲ, ಯಾಕೆ ಗೊತ್ತಾ ಎಂದು ಶುರುವಾಗುತ್ತದೆ. ಉತ್ತರವನ್ನೂ ಅದೇ ಕೊಡುತ್ತದೆ: 1956ರಲ್ಲಿ ವಿಶ್ವಸಂಸ್ಥೆ ‘ಸಮುದ್ರ ಕಾನೂನು’ ಮಾಡಿತು, ಅದರ ಪ್ರಕಾರ ಕರಾವಳಿಯಿಂದ 200 ನಾಟಿಕಲ್ ಮೈಲಿಯೊಳಗೆ ಏನೇ ಇದ್ದರೂ ನಕ್ಷೆಯಲ್ಲಿ ತೋರಿಸುವುದು ಕಡ್ಡಾಯ, ಧನುಷ್ಕೋಡಿಯಿಂದ ಶ್ರೀಲಂಕಾ ಬರೀ 18 ಮೈಲಿ, ಅದಕ್ಕೇ ಅದು ನಮ್ಮ ನಕ್ಷೆಯಲ್ಲಿದೆ. ಕೊನೆಗೆ ಎಂದಿನಂತೆ ‘ನಿಮ್ಮ ಮಕ್ಕಳಿಗೂ ತಿಳಿಸಿ’.

ನಮ್ಮ ಚಿಕ್ಕಪ್ಪ ಇದನ್ನು ಮೂರನೇ ಸಲ ಕಳಿಸಿದಾಗ ‘ನೋಡಮ್ಮ, ನಿಮ್ಮ ಕಾಲೇಜಲ್ಲಿ ಇದೆಲ್ಲ ಹೇಳಿಕೊಡಲ್ಲ’ ಅಂತ ಒಂದು ಸಾಲು ಸೇರಿಸಿದ್ದರು. ಕಮ್ಯುನಿಕೇಷನ್ ಎಂ.ಎ.ಯಲ್ಲಿ ನಿಜಕ್ಕೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಕೂತು ಓದಿದೆ.

ಒಂದೇ ಮಾತಿನಲ್ಲಿ ಹೇಳುವುದಾದರೆ, ಮೆಸೇಜ್ ಸುಳ್ಳು. ಆದರೆ ಅದರಲ್ಲಿರುವ ‘200 ನಾಟಿಕಲ್ ಮೈಲಿ’ ಎನ್ನುವುದು ಸುಳ್ಳಲ್ಲ. ಅರ್ಧ ನಿಜ ಸೇರಿಸಿದ ಸುಳ್ಳೇ ಹೆಚ್ಚು ದೂರ ಓಡುವುದು.

ಮೆಸೇಜಿನಲ್ಲಿ ಏನು ತಪ್ಪು?

ಮೊದಲು ಇಸವಿ. 1956ರಲ್ಲಿ ಅಂಥ ಯಾವ ವಿಶ್ವಸಂಸ್ಥೆಯ ಕಾನೂನೂ ಬರಲಿಲ್ಲ. ಸಮುದ್ರ ಕಾನೂನಿನ ಬಗ್ಗೆ ವಿಶ್ವಸಂಸ್ಥೆಯ ಮೊದಲ ಸಮ್ಮೇಳನ ನಡೆದದ್ದೇ 1958ರಲ್ಲಿ, ಜಿನೀವಾದಲ್ಲಿ. ಈಗ ಜಗತ್ತು ಅನುಸರಿಸುತ್ತಿರುವ ಒಪ್ಪಂದಕ್ಕೆ ಸಹಿ ಬಿದ್ದದ್ದು 1982ರ ಡಿಸೆಂಬರ್ 10ರಂದು, ಜಮೈಕಾದ ಮಾಂಟೆಗೊ ಬೇ ಎಂಬಲ್ಲಿ. ಅದು ಜಾರಿಗೆ ಬಂದದ್ದು 1994ರ ನವೆಂಬರ್ 16ರಂದು. ಭಾರತ ಅದನ್ನು ಅಂಗೀಕರಿಸಿದ್ದು 1995ರ ಜೂನ್‌ನಲ್ಲಿ. 200 ನಾಟಿಕಲ್ ಮೈಲಿಯ ಲೆಕ್ಕ ಎಲ್ಲ ದೇಶಗಳಿಗೂ ಒಂದೇ ನಿಯಮವಾಗಿ ಬಂದದ್ದು ಈ ಒಪ್ಪಂದದಲ್ಲಿ. 1956ರಲ್ಲಿ ಭಾರತ ತನ್ನದೆಂದು ಹೇಳಿಕೊಂಡಿದ್ದ ಸಮುದ್ರ ಬರೀ 6 ನಾಟಿಕಲ್ ಮೈಲಿ. ಅದು 12 ಆದದ್ದು 1967ರಲ್ಲಿ.

ಎರಡನೆಯದು, ‘ನೆರೆಯ ದೇಶವನ್ನು ನಕ್ಷೆಯಲ್ಲಿ ತೋರಿಸಬೇಕು’ ಎನ್ನುವ ಮಾತು. ಆ ಒಪ್ಪಂದದಲ್ಲಿ 320 ವಿಧಿಗಳಿವೆ. ಒಂದರಲ್ಲೂ ಈ ನಿಯಮ ಇಲ್ಲ. ನಕ್ಷೆಯ ಬಗ್ಗೆ ಅದು ಹೇಳುವುದು ಬೇರೆಯೇ: ಪ್ರತಿ ದೇಶ ತನ್ನ ಸಮುದ್ರದ ಗೆರೆಗಳನ್ನು ನಕ್ಷೆಯಲ್ಲೋ ಅಕ್ಷಾಂಶ–ರೇಖಾಂಶಗಳ ಪಟ್ಟಿಯಲ್ಲೋ ಗುರುತಿಸಿ, ಪ್ರಕಟಿಸಿ, ಒಂದು ಪ್ರತಿಯನ್ನು ವಿಶ್ವಸಂಸ್ಥೆಗೆ ಕೊಡಬೇಕು. ಪಕ್ಕದವರ ಮನೆ ಬರೆಯಬೇಕು ಅಂತ ಎಲ್ಲೂ ಇಲ್ಲ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಲಕ್ಷದ್ವೀಪದ ಮಿನಿಕಾಯ್‌ನಿಂದ ಮಾಲ್ಡೀವ್ಸ್‌ನ ಉತ್ತರ ತುದಿಗೆ ಸುಮಾರು 130 ಕಿಲೋಮೀಟರ್. ಗ್ರೇಟ್ ನಿಕೋಬಾರ್‌ನ ಇಂದಿರಾ ಪಾಯಿಂಟ್‌ನಿಂದ ಇಂಡೊನೇಷ್ಯಾದ ಹತ್ತಿರದ ದ್ವೀಪಕ್ಕೆ ಸುಮಾರು 160 ಕಿಲೋಮೀಟರ್. 200 ನಾಟಿಕಲ್ ಮೈಲಿ ಎಂದರೆ 370 ಕಿಲೋಮೀಟರ್. ಅಂದರೆ ಮೆಸೇಜ್ ನಿಜವಾಗಿದ್ದರೆ ಮಾಲ್ಡೀವ್ಸ್, ಇಂಡೊನೇಷ್ಯಾ ಎರಡೂ ನಮ್ಮ ಶಾಲೆಯ ನಕ್ಷೆಯಲ್ಲಿ ಇರಬೇಕಿತ್ತು. ಎಷ್ಟು ನಕ್ಷೆಯಲ್ಲಿ ನೋಡಿದ್ದೀರಿ?

ಶ್ರೀಲಂಕಾ ಕಾಣುವುದಕ್ಕೆ ಕಾರಣ ತೀರಾ ಸಪ್ಪೆ. ನಕ್ಷೆಯ ಚೌಕಟ್ಟು ಆಯತಾಕಾರ. ಕಾಶ್ಮೀರದಿಂದ ನಿಕೋಬಾರ್‌ವರೆಗೆ ಹಾಳೆಯಲ್ಲಿ ಹಿಡಿಸಿದರೆ ಶ್ರೀಲಂಕಾ ತಾನಾಗಿಯೇ ಒಳಗೆ ಬರುತ್ತದೆ. ಸುತ್ತಲೂ ಬರೀ ನೀರು, ಹಾಗಾಗಿ ಎದ್ದು ಕಾಣುತ್ತದೆ. ಅದೇ ನಕ್ಷೆಯಲ್ಲಿ ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನದ ಭಾಗಗಳೂ ಇರುತ್ತವೆ, ಗಡಿಗೆ ಅಂಟಿಕೊಂಡಿರುವುದರಿಂದ ನಮ್ಮ ಕಣ್ಣು ಅವನ್ನು ಗಮನಿಸುವುದಿಲ್ಲ ಅಷ್ಟೇ. ಶ್ರೀಲಂಕಾ ಇಲ್ಲದ ಭಾರತದ ಚಿತ್ರಗಳೂ ಬೇಕಾದಷ್ಟಿವೆ. ನಕ್ಷೆಯ ಬಗ್ಗೆ ನಮ್ಮಲ್ಲಿ ಇರುವ ಕಾನೂನು 1961ರದ್ದು: ಸರ್ವೆ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಹಾಗೆ ಭಾರತದ ಗಡಿ ತೋರಿಸಿದರೆ ಆರು ತಿಂಗಳವರೆಗೆ ಜೈಲಾಗಬಹುದು. ಶ್ರೀಲಂಕಾ ಬರೆಯದೆ ಬಿಟ್ಟವರಿಗೆ ಅದರಲ್ಲಿ ಶಿಕ್ಷೆ ಇಲ್ಲ.

ಹಾಗಾದರೆ ಅಳತೆ ಎಲ್ಲಿಂದ?

ಇಲ್ಲಿಂದ ಮುಂದೆ ಕತೆ ಮೆಸೇಜಿಗಿಂತ ಚೆನ್ನಾಗಿದೆ.

ನಾಟಿಕಲ್ ಮೈಲಿ ಎಂದರೆ 1,852 ಮೀಟರ್. ರಸ್ತೆಯ ಮೈಲಿಗಿಂತ ಸ್ವಲ್ಪ ಉದ್ದ. ಭೂಮಿಯ ಮೇಲೆ ಒಂದು ಡಿಗ್ರಿ ಅಕ್ಷಾಂಶವನ್ನು 60 ಭಾಗ ಮಾಡಿದರೆ ಬರುವ ಒಂದು ಪಾಲು ಹೆಚ್ಚೂಕಡಿಮೆ ಇಷ್ಟೇ ಇರುತ್ತದೆ, ಅದಕ್ಕೇ ನಾವಿಕರಿಗೆ ಇದು ಅನುಕೂಲ.

ಆದರೆ ‘ಕರಾವಳಿಯಿಂದ 12 ಮೈಲಿ’ ಎಂದಾಗ ಕರಾವಳಿ ಎಂದರೆ ಯಾವ ಗೆರೆ? ಮಲ್ಪೆ ಬೀಚಿನಲ್ಲಿ ಬೆಳಿಗ್ಗೆ ನಿಂತ ಜಾಗದಲ್ಲಿ ಮಧ್ಯಾಹ್ನ ನೀರು ಬಂದಿರುತ್ತದೆ. ಕಾನೂನು ಇದಕ್ಕೆ ಉತ್ತರ ಕೊಟ್ಟಿದೆ: ಇಳಿತದ ಹೊತ್ತಿನಲ್ಲಿ ನೀರು ಅತ್ಯಂತ ಕೆಳಗೆ ಹೋದಾಗ ಎಲ್ಲಿರುತ್ತದೋ ಆ ಗೆರೆ. ಇದಕ್ಕೆ ಆಧಾರ ರೇಖೆ ಎನ್ನುತ್ತಾರೆ. ಎಲ್ಲ ಲೆಕ್ಕವೂ ಇಲ್ಲಿಂದಲೇ. ಕರಾವಳಿ ತೀರಾ ಅಂಕುಡೊಂಕಾಗಿದ್ದರೆ, ಅಥವಾ ದಡದುದ್ದಕ್ಕೂ ಸಾಲಾಗಿ ದ್ವೀಪಗಳಿದ್ದರೆ, ಹೊರಚಾಚಿದ ಬಿಂದುಗಳನ್ನು ಸೇರಿಸಿ ನೇರ ಗೆರೆ ಎಳೆಯಬಹುದು. ಭಾರತ ಇಂಥ ನೇರ ಆಧಾರ ರೇಖೆಗಳನ್ನು 2009ರ ಮೇ ತಿಂಗಳಲ್ಲಿ ಗೆಜೆಟ್‌ನಲ್ಲಿ ಪ್ರಕಟಿಸಿತು. ಆ ಗೆರೆಯ ಒಳಗಿನ ನೀರು, ಅಂದರೆ ಬಂದರು, ಅಳಿವೆ, ಹಿನ್ನೀರು ಎಲ್ಲ, ಕಾನೂನಿನ ಕಣ್ಣಲ್ಲಿ ನೆಲದಷ್ಟೇ ನಮ್ಮದು.

ಇಲ್ಲಿ ಇನ್ನೊಂದು ಫಾರ್ವರ್ಡ್ ನೆನಪಾಗುತ್ತದೆ. ಭಾರತದ ಕರಾವಳಿ 7,516 ಕಿಲೋಮೀಟರ್ ಇದ್ದದ್ದು 11,098 ಆಗಿದೆ ಎಂಬ ಸುದ್ದಿ ನಿಜ. ಅದಕ್ಕೆ ‘ದೇಶ ದೊಡ್ಡದಾಯಿತು’ ಅಂತ ಶೀರ್ಷಿಕೆ ಕೊಟ್ಟವರು ಮಾತ್ರ ತಪ್ಪು. ಹಳೆಯ ಲೆಕ್ಕ ಬಹಳ ಚಿಕ್ಕ ಪ್ರಮಾಣದ ನಕ್ಷೆಯ ಮೇಲೆ ಮಾಡಿದ್ದು, ಹೊಸದರಲ್ಲಿ ಪ್ರತಿ ಕೊಲ್ಲಿ, ಅಳಿವೆಯ ಮಡಿಕೆಯನ್ನೂ ಹಿಡಿದು ಅಳೆದಿದ್ದಾರೆ. ಸೀರೆಯ ನೆರಿಗೆ ಬಿಚ್ಚಿ ಅಳೆದ ಹಾಗೆ. ಗುಜರಾತಿನದು 1,214ರಿಂದ 2,340 ಕಿಲೋಮೀಟರ್‌ಗೆ ಏರಿತು. ಇದರಿಂದ ನಮ್ಮ ಸಮುದ್ರ ಒಂದು ಇಂಚೂ ಹೆಚ್ಚಲಿಲ್ಲ, ಯಾಕೆಂದರೆ ಹೊರಗಿನ ಗಡಿ ತೀರ್ಮಾನವಾಗುವುದು ಆಧಾರ ರೇಖೆಯ ಹೊರತುದಿಗಳಿಂದ, ಒಳಗಿನ ಮಡಿಕೆಗಳಿಂದಲ್ಲ.

12, 24, 200

ಭಾರತದಲ್ಲಿ ಇದಕ್ಕೆ 1976ರ ಒಂದು ಕಾನೂನಿದೆ. ಅದೇ ವರ್ಷ ಸಂವಿಧಾನದ 297ನೇ ವಿಧಿಯನ್ನೂ ತಿದ್ದಿದರು. ನೆಲದ ಗಡಿ ಒಂದೇ ಗೆರೆ: ಈಚೆ ನಾವು, ಆಚೆ ಅವರು. ಸಮುದ್ರದಲ್ಲಿ ಹಾಗಿಲ್ಲ. ಹೊರಗೆ ಹೋದಂತೆ ನಮ್ಮ ಅಧಿಕಾರ ತೆಳ್ಳಗಾಗುತ್ತ ಹೋಗುತ್ತದೆ.

ಮೊದಲ 12 ನಾಟಿಕಲ್ ಮೈಲಿ, ಸುಮಾರು 22 ಕಿಲೋಮೀಟರ್, ಪ್ರಾದೇಶಿಕ ಸಮುದ್ರ. ನೀರು, ತಳ, ಮೇಲಿನ ಆಕಾಶ ಎಲ್ಲ ನಮ್ಮದು. ಮುರುಡೇಶ್ವರದಿಂದ ಕಾಣುವ ನೇತ್ರಾಣಿ ದ್ವೀಪ ಇದರೊಳಗೇ ಬರುತ್ತದೆ. ಆದರೂ ಇಲ್ಲಿ ವಿದೇಶಿ ಹಡಗುಗಳಿಗೆ ತಂಟೆ ಮಾಡದೆ ಸುಮ್ಮನೆ ದಾಟಿಹೋಗುವ ಹಕ್ಕಿದೆ. ಸಬ್‌ಮರೀನ್ ಆದರೆ ನೀರಿನ ಮೇಲೆ ಬಂದು ಬಾವುಟ ತೋರಿಸಿ ಹೋಗಬೇಕು. ವಿದೇಶಿ ಯುದ್ಧನೌಕೆ ಮುಂಚಿತವಾಗಿ ತಿಳಿಸಬೇಕು ಎನ್ನುತ್ತದೆ ನಮ್ಮ ಕಾನೂನು. ವಿಮಾನಕ್ಕೆ ಈ ದಾಟುವ ಹಕ್ಕು ಇಲ್ಲ.

24 ಮೈಲಿಯವರೆಗಿನದು ಹೊಂದಿಕೊಂಡ ವಲಯ. ಇಲ್ಲಿ ಒಡೆತನ ಇಲ್ಲ, ಕಾವಲು ಇದೆ. ಕಳ್ಳಸಾಗಣೆ, ಅಕ್ರಮ ವಲಸೆ, ಸುಂಕ, ಆರೋಗ್ಯ ತಪಾಸಣೆ ಇಂಥವಕ್ಕೆ ಹಡಗು ತಡೆಯಬಹುದು.

200 ಮೈಲಿಯವರೆಗಿನದು ಅನನ್ಯ ಆರ್ಥಿಕ ವಲಯ, ಸುದ್ದಿಯಲ್ಲಿ ಇಇಜೆಡ್ ಎಂದು ಬರುವುದು. (ಕೈಗಾರಿಕೆಗಳ ‘ವಿಶೇಷ ಆರ್ಥಿಕ ವಲಯ’ ಇದಲ್ಲ, ಗೊಂದಲ ಬೇಡ.) ದಕ್ಷಿಣ ಕನ್ನಡದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ: ಇದು ಸಮುದ್ರದ ಕುಮ್ಕಿ. ನಿಮ್ಮ ವರ್ಗ ಜಾಗದಿಂದ 100 ಗಜದೊಳಗಿನ ಸರ್ಕಾರಿ ಭೂಮಿಯಿಂದ ಸೊಪ್ಪು, ಸೌದೆ ತರುವ ಹಕ್ಕು ನಿಮಗಿದೆ, ಆದರೆ ಭೂಮಿ ನಿಮ್ಮದಲ್ಲ, ಅಲ್ಲಿ ನಡೆದು ಹೋಗುವವರನ್ನು ತಡೆಯುವ ಹಾಗೂ ಇಲ್ಲ. ಹಾಗೆಯೇ ಈ ವಲಯದ ಮೀನು, ಎಣ್ಣೆ, ಅನಿಲ, ಗಾಳಿ–ಅಲೆಯ ವಿದ್ಯುತ್ತು ನಮ್ಮದು. ಸಮುದ್ರ ನಮ್ಮದಲ್ಲ. ಬೇರೆ ದೇಶದ ಹಡಗು ಓಡಬಹುದು, ವಿಮಾನ ಹಾರಬಹುದು, ಕೇಬಲ್ ಹಾಯಿಸಬಹುದು.

ಈ ವಲಯದಲ್ಲಿ ಭಾರತಕ್ಕೆ ಸಿಕ್ಕಿರುವುದು 20 ಲಕ್ಷ ಚದರ ಕಿಲೋಮೀಟರ್‌ಗೂ ಹೆಚ್ಚು. ದೇಶದ ನೆಲವೇ ಸುಮಾರು 33 ಲಕ್ಷ. ಅಂಡಮಾನ್ ನಿಕೋಬಾರ್, ಲಕ್ಷದ್ವೀಪದಂಥ ಚಿಕ್ಕ ದ್ವೀಪಗಳಿಗೆ ಇಷ್ಟು ಬೆಲೆ ಬಂದದ್ದು ಇದರಿಂದಲೇ. ಮುಂಬೈ ತೀರದಿಂದ 160 ಕಿಲೋಮೀಟರ್ ದೂರದ ಬಾಂಬೆ ಹೈನಲ್ಲಿ ಎಣ್ಣೆ ಸಿಕ್ಕಿದ್ದು 1974ರಲ್ಲಿ. 12 ಮೈಲಿಗಿಂತ ಬಹಳ ಹೊರಗೆ. ಆದರೂ ಅದು ನಮ್ಮದೇ.

2021ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧನೌಕೆ ಜಾನ್ ಪಾಲ್ ಜೋನ್ಸ್ ಲಕ್ಷದ್ವೀಪದ ಪಶ್ಚಿಮಕ್ಕೆ 130 ನಾಟಿಕಲ್ ಮೈಲಿ ದೂರದಲ್ಲಿ ನಮ್ಮ ಅನುಮತಿ ಕೇಳದೆ ಓಡಾಡಿತು, ಅದನ್ನು ತಾವೇ ಹೇಳಿಕೊಂಡರು ಕೂಡ. ‘ಭಾರತದ ಗಡಿಯೊಳಗೆ ನುಗ್ಗಿದ ಅಮೆರಿಕ’ ಎಂಬ ವಿಡಿಯೊಗಳು ಓಡಿದವು. ಅದು ಗಡಿಯಲ್ಲ, ಆರ್ಥಿಕ ವಲಯ. ಹಡಗು ದಾಟುವುದಕ್ಕೆ ಅಡ್ಡಿ ಇಲ್ಲ. ಜಗಳ ಇದ್ದದ್ದು ಬೇರೆ ಕಡೆ: ಈ ವಲಯದಲ್ಲಿ ಸೈನಿಕ ಕಸರತ್ತಿಗೆ ಒಪ್ಪಿಗೆ ಬೇಕು ಎನ್ನುವುದು ಭಾರತದ ನಿಲುವು, ಬೇಡ ಎನ್ನುವುದು ಅಮೆರಿಕದ್ದು. ತಮಾಷೆ ಎಂದರೆ ಸಮುದ್ರ ಕಾನೂನಿನ ಪಾಠ ಹೇಳಿದ ಅಮೆರಿಕ ಆ 1982ರ ಒಪ್ಪಂದವನ್ನು ಅಂಗೀಕರಿಸಿಯೇ ಇಲ್ಲ.

ಎಂಟು ಮೈಲಿಯ ವ್ಯತ್ಯಾಸ

ಈ ಗೆರೆಗಳು ಯಾಕೆ ಮುಖ್ಯ ಎನ್ನುವುದಕ್ಕೆ ಒಂದು ಘಟನೆ ಸಾಕು. 2012ರ ಫೆಬ್ರವರಿ 15ರಂದು ಕೇರಳದ ತೀರದಾಚೆ, ಸುಮಾರು 20.5 ನಾಟಿಕಲ್ ಮೈಲಿ ದೂರದಲ್ಲಿ, ‘ಎನ್ರಿಕಾ ಲೆಕ್ಸಿ’ ಎಂಬ ಇಟಲಿಯ ತೈಲ ಹಡಗಿನಲ್ಲಿದ್ದ ನೌಕಾಪಡೆಯ ಯೋಧರು ಒಂದು ಮೀನುಗಾರಿಕೆ ದೋಣಿಯ ಮೇಲೆ ಗುಂಡು ಹಾರಿಸಿದರು. ಕಡಲ್ಗಳ್ಳರು ಅಂದುಕೊಂಡೆವು ಎಂದರು. ಇಬ್ಬರು ಮೀನುಗಾರರು ಸತ್ತರು.

12 ಮೈಲಿಯೊಳಗೆ ಆಗಿದ್ದರೆ ಕೇರಳ ಪೊಲೀಸರ ಕೇಸು. ಆದರೆ ಅದು 12 ಮತ್ತು 24ರ ನಡುವೆ, ಕಾವಲು ಮಾತ್ರ ಇರುವ ಜಾಗ. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಇದು ಕೇರಳದ ವ್ಯಾಪ್ತಿಗೆ ಬರುವುದಿಲ್ಲ, ಕೇಂದ್ರ ಸರ್ಕಾರ ನೋಡಿಕೊಳ್ಳಬೇಕು ಎಂದಿತು. ಆಮೇಲೆ ಅದು ಹೇಗ್‌ನ ನ್ಯಾಯಮಂಡಳಿಗೆ ಹೋಯಿತು. 2020ರಲ್ಲಿ ತೀರ್ಪು ಬಂತು: ಯೋಧರು ಇಟಲಿ ಸರ್ಕಾರದ ಕೆಲಸದಲ್ಲಿದ್ದವರು, ಅವರನ್ನು ಭಾರತ ವಿಚಾರಣೆ ಮಾಡುವಂತಿಲ್ಲ, ಆದರೆ ಭಾರತದ ದೋಣಿಯ ಸಂಚಾರದ ಹಕ್ಕನ್ನು ಇಟಲಿ ಮುರಿದಿದೆ, ಪರಿಹಾರ ಕೊಡಬೇಕು. ಇಟಲಿ 10 ಕೋಟಿ ರೂಪಾಯಿ ಕೊಟ್ಟಿತು, 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಕೇಸು ಮುಗಿಸಿತು. ಒಂಬತ್ತು ವರ್ಷ. ಹಡಗು ಎಂಟೂವರೆ ಮೈಲಿ ದಡದ ಕಡೆಗೆ ಇದ್ದಿದ್ದರೆ ವಾದವೇ ಬೇರೆ ಇರುತ್ತಿತ್ತು.

ನಮ್ಮ ಕರಾವಳಿಯವರಿಗೂ 12ರ ಗೆರೆ ದಿನನಿತ್ಯದ ವಿಷಯ. ಅದರ ಒಳಗಿನ ಮೀನುಗಾರಿಕೆ ಆಯಾ ರಾಜ್ಯದ ಕೈಯಲ್ಲಿ, ಕರ್ನಾಟಕದಲ್ಲಿ ಅದಕ್ಕೆ 1986ರ ಕಾಯ್ದೆ ಇದೆ. ಹೊರಗಿನದು ಕೇಂದ್ರದ್ದು. ಹಾಗಾಗಿಯೇ ಮಲ್ಪೆ, ಮಂಗಳೂರಿನ ಬೋಟುಗಳು ಮೀನಿನ ಬೆನ್ನು ಹತ್ತಿ ಗೋವಾ, ಮಹಾರಾಷ್ಟ್ರದ 12 ಮೈಲಿಯೊಳಗೆ ಹೋದಾಗ ತಕರಾರು, ದಂಡ, ಬೋಟು ಹಿಡಿದಿಟ್ಟುಕೊಳ್ಳುವುದು ನಡೆಯುವುದು. ಮೀನಿಗೆ ಗೆರೆ ಗೊತ್ತಿಲ್ಲ ಎನ್ನುವುದು ಬೋಟಿನವರ ಹಳೆಯ ಉತ್ತರ.

ನೀರಿನ ಮೇಲೆ ಗೆರೆ ಎಳೆಯುವವರು

ಭಾರತದ ಸಮುದ್ರದ ನಕ್ಷೆ ತಯಾರಾಗುವುದು ಎಲ್ಲಿ ಗೊತ್ತಾ? ಡೆಹ್ರಾಡೂನ್‌ನಲ್ಲಿ! ಹಿಮಾಲಯದ ಬುಡದಲ್ಲಿ, ಯಾವ ಸಮುದ್ರದಿಂದಲೂ ದೂರ. ನೌಕಾಪಡೆಯ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿ ಅಲ್ಲಿದೆ. ಅದರ ಸರ್ವೆ ಹಡಗುಗಳು, 2024ರಲ್ಲಿ ನೌಕಾಪಡೆ ಸೇರಿದ ಹೊಸ ‘ಸಂಧಾಯಕ್’ ಥರದವು, ಉಳುವ ಎತ್ತಿನ ಹಾಗೆ ಸಾಲು ಹಿಡಿದು ಹಿಂದೆ ಮುಂದೆ ಓಡುತ್ತ ತಳಕ್ಕೆ ಶಬ್ದ ಕಳಿಸುತ್ತವೆ. ಶಬ್ದ ಉಪ್ಪುನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಪ್ರತಿಧ್ವನಿ ಎರಡು ಸೆಕೆಂಡಿಗೆ ಮರಳಿದರೆ, ಹೋಗಿ ಬರುವ ದಾರಿ ಸೇರಿ 3,000 ಮೀಟರ್, ಅಂದರೆ ಆಳ 1,500.

200 ಮೈಲಿಯಾಚೆಗೂ ಒಂದು ಹಕ್ಕಿದೆ. ದೇಶದ ನೆಲ ನೀರಿನಡಿಯಲ್ಲಿ ಮುಂದುವರಿದಿರುವ ಭಾಗ, ಶಾಲೆಯಲ್ಲಿ ಓದಿದ ಖಂಡಾವರಣ ಪ್ರದೇಶ, ಅಷ್ಟು ದೂರ ಚಾಚಿದೆ ಎಂದು ಸಾಬೀತು ಮಾಡಿದರೆ ತಳದ ಖನಿಜದ ಹಕ್ಕು ಸಿಗುತ್ತದೆ, ನೀರು ಮತ್ತು ಮೀನಿನದಲ್ಲ. ಸಾಮಾನ್ಯವಾಗಿ ಇದಕ್ಕೆ 350 ಮೈಲಿಯ ಮಿತಿ. ಬಂಗಾಳ ಕೊಲ್ಲಿಗೆ ಮಾತ್ರ ಒಂದು ವಿಶೇಷ ಲೆಕ್ಕ ಇದೆ. ಗಂಗೆ, ಬ್ರಹ್ಮಪುತ್ರೆಗಳು ಹಿಮಾಲಯವನ್ನು ತೊಳೆದು ತಂದು ಸುರಿದ ಮಣ್ಣು ಅಲ್ಲಿ ಹಲವು ಕಿಲೋಮೀಟರ್ ದಪ್ಪ ಕೂತಿದೆ. ಕೊಲ್ಲಿಯ ದಕ್ಷಿಣ ಭಾಗದಲ್ಲಿ ಆ ಮಣ್ಣಿನ ದಪ್ಪದ ಮೇಲೇ ಗಡಿ ಹಾಕಲು 1982ರಲ್ಲೇ ಅವಕಾಶ ಮಾಡಿಕೊಟ್ಟರು. ಭಾರತ 2009ರಲ್ಲಿ ವಿಶ್ವಸಂಸ್ಥೆಯ ಆಯೋಗಕ್ಕೆ ತನ್ನ ದಾಖಲೆ ಕೊಟ್ಟಿದೆ.

ಎದುರುಬದುರು ಮನೆ ಇದ್ದಾಗ

ಮೆಸೇಜಿನ 18 ಮೈಲಿಗೆ ಮರಳೋಣ. ಧನುಷ್ಕೋಡಿಯಿಂದ ಶ್ರೀಲಂಕಾದ ತಲೈಮನ್ನಾರ್‌ಗೆ ಸುಮಾರು 30 ಕಿಲೋಮೀಟರ್, ಅಂದರೆ 16 ನಾಟಿಕಲ್ ಮೈಲಿ. ಎರಡೂ ದೇಶ 12-12 ಕೇಳಿದರೆ 24 ಬೇಕು, ಜಾಗವೇ ಇಲ್ಲ. ಹೀಗಿದ್ದಾಗ 200ರ ಮಾತು ದೂರ ಉಳಿಯಿತು, ನಡುವೆ ಒಂದು ಗೆರೆ ಎಳೆಯಬೇಕು. 1974 ಮತ್ತು 1976ರ ಒಪ್ಪಂದಗಳಲ್ಲಿ ಎಳೆದರು. 1974ರ ಗೆರೆಯಲ್ಲಿ 285 ಎಕರೆಯ ಕಚ್ಚತೀವು ಶ್ರೀಲಂಕಾದ ಕಡೆಗೆ ಹೋಯಿತು, ಅದು ಇವತ್ತಿಗೂ ತಮಿಳುನಾಡಿನ ರಾಜಕೀಯದಲ್ಲಿ ಆರದ ವಿಷಯ. ರಾಮೇಶ್ವರದ ಬೋಟಿನಲ್ಲಿ ರಾತ್ರಿ ಕೆಲಸ ಮಾಡುವವರಿಗೆ ಆ ಗೆರೆ ದಾಟಲು ಗಂಟೆಗಳು ಬೇಕಿಲ್ಲ.

ಬಾಂಗ್ಲಾದೇಶದ ಜೊತೆಗಿನ ಜಗಳ ಹೇಗ್‌ನ ನ್ಯಾಯಮಂಡಳಿಯಲ್ಲಿ 2014ರ ಜುಲೈ 7ರಂದು ತೀರಿತು. ತಕರಾರಿದ್ದ 25,602 ಚದರ ಕಿಲೋಮೀಟರ್‌ನಲ್ಲಿ 19,467 ಬಾಂಗ್ಲಾದೇಶಕ್ಕೆ ಹೋಯಿತು, ಭಾರತ ಒಪ್ಪಿಕೊಂಡಿತು. ಅಲ್ಲಿ ಎರಡೂ ದೇಶ ದಶಕಗಳ ಕಾಲ ಕಿತ್ತಾಡಿದ ಒಂದು ದ್ವೀಪ ಇತ್ತು, ನಾವು ನ್ಯೂ ಮೂರ್ ಎನ್ನುತ್ತಿದ್ದೆವು, ಅವರು ದಕ್ಷಿಣ ತಲ್ಪಟ್ಟಿ. 1970ರ ಚಂಡಮಾರುತದ ನಂತರ ಮೇಲೆದ್ದಿದ್ದ ಆ ಮರಳ ದಿಬ್ಬ ತೀರ್ಪು ಬರುವ ಹೊತ್ತಿಗೆ ನೀರಿನಲ್ಲಿ ಮುಳುಗಿ ಹೋಗಿತ್ತು.

ಪಾಕಿಸ್ತಾನದ ಜೊತೆ ಇನ್ನೂ ಗೆರೆಯೇ ಇಲ್ಲ. ಕಛ್‌ನ ಸರ್ ಕ್ರೀಕ್ ಎಂಬ 96 ಕಿಲೋಮೀಟರ್ ಉದ್ದದ ಕೆಸರಿನ ಕಾಲುವೆಯಲ್ಲಿ ಗಡಿ ನಡುವಿನಲ್ಲಿದೆ ಎನ್ನುತ್ತೇವೆ ನಾವು, ಪೂರ್ವದ ದಡದಲ್ಲಿದೆ ಎನ್ನುತ್ತಾರೆ ಅವರು. ಕಾಲುವೆ ಸಮುದ್ರ ಸೇರುವ ಬಿಂದು ಎಲ್ಲಿ ಎಂದು ಗೊತ್ತಾಗದೆ ಅಲ್ಲಿಂದ ಮುಂದಿನ ಸಮುದ್ರದ ಗೆರೆ ಶುರುವಾಗುವ ಹಾಗಿಲ್ಲ. ಬುಡದಲ್ಲಿ ಸ್ವಲ್ಪ ಸರಿದರೆ ಹೊರಗೆ ಹೋದಂತೆ ಅದು ಅಗಲವಾಗುತ್ತ ಹೋಗುತ್ತದೆ. ಗುಜರಾತಿನ ಮತ್ತು ಸಿಂಧ್‌ನ ಮೀನುಗಾರರು ಸಿಕ್ಕಿಬೀಳುವುದು ಇಲ್ಲೇ.

1982ರ ಒಪ್ಪಂದದ 73ನೇ ವಿಧಿ ಒಂದು ಮಾತು ಹೇಳುತ್ತದೆ: ಆರ್ಥಿಕ ವಲಯದಲ್ಲಿ ಮೀನು ಹಿಡಿಯುವ ನಿಯಮ ಮುರಿದವರಿಗೆ, ಎರಡು ದೇಶಗಳ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ, ಜೈಲು ಶಿಕ್ಷೆ ಕೊಡುವಂತಿಲ್ಲ. ಭಾರತ, ಪಾಕಿಸ್ತಾನ ಎರಡೂ ಈ ಒಪ್ಪಂದವನ್ನು ಒಪ್ಪಿವೆ. ಆದರೆ ಈ ರಕ್ಷಣೆ 12 ಮೈಲಿಯೊಳಗೆ ಇಲ್ಲ, ಮತ್ತು ಗೆರೆಯೇ ತೀರ್ಮಾನವಾಗದ ಕಡೆ ಬೋಟು ಯಾರ ನೀರಿನಲ್ಲಿ ಇತ್ತು ಎಂದು ಹೇಳುವುದು ಹಿಡಿದವರೇ. 2008ರ ಒಪ್ಪಂದದ ಪ್ರಕಾರ ಪ್ರತಿ ವರ್ಷ ಜನವರಿ 1 ಮತ್ತು ಜುಲೈ 1ರಂದು ಎರಡೂ ದೇಶಗಳು ತಮ್ಮಲ್ಲಿರುವ ಇನ್ನೊಂದು ದೇಶದ ಕೈದಿಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಅದರಲ್ಲಿ ಮೀನುಗಾರರಿಗೆ ಒಂದು ಪ್ರತ್ಯೇಕ ಪಟ್ಟಿಯೇ ಇರುತ್ತದೆ.